ಪಾರ್ಸೆಲ್ ಹೊರುವವರು ಗುರುಗ್ರಾಮದವರು, ಗಿರಾಕಿ ಬೆಂಗಳೂರಿನವರು: ಡೆಲ್ಹಿವರಿ ಷೇರಿನ ಹಿನ್ನೆಲೆ

ಒಂದು ಪಾರ್ಸೆಲ್‌ಗೆ ಸುಮಾರು 70 ರೂಪಾಯಿ. ಡೆಲ್ಹಿವರಿ ಕಂಪನಿಯ ಷೇರು ಯಾಕೆ ಹೀಗೆ ಏರಿಳಿಯುತ್ತದೆ ಅಂತ ತಿಳಿಯಬೇಕಾದರೆ ಈ ಅಂಕಿಯಿಂದ ಶುರು ಮಾಡಬೇಕು. 2023-24ರಲ್ಲಿ ಕಂಪನಿ ಸುಮಾರು 74 ಕೋಟಿ ಪಾರ್ಸೆಲ್ ಸಾಗಿಸಿತು. ಅದರಿಂದ ಬಂದದ್ದು 5,000 ಕೋಟಿ ರೂಪಾಯಿ ಚಿಲ್ಲರೆ. ಭಾಗಿಸಿ ನೋಡಿದರೆ ಒಂದಕ್ಕೆ 70ಕ್ಕೂ ತುಸು ಕಡಿಮೆಯೇ.

ಆ ದುಡ್ಡಿನಲ್ಲಿ ಏನೇನು ಆಗಬೇಕು ನೋಡಿ. ಸೂರತ್‌ನಲ್ಲಿ ಸೀರೆ ಲಾರಿ ಹತ್ತಬೇಕು. ಹೊಸಕೋಟೆ ಕಡೆಯ ಗೋದಾಮಿನಲ್ಲಿ ಇಳಿದು, ಪಿನ್‌ಕೋಡ್ ಪ್ರಕಾರ ವಿಂಗಡಣೆಯಾಗಿ, ಸಣ್ಣ ಗಾಡಿಯಲ್ಲಿ ಬಡಾವಣೆಗೆ ಬರಬೇಕು. ಕೊನೆಗೆ ಬೈಕಿನ ಹುಡುಗ 'ಐದನೇ ಕ್ರಾಸ್, ಗಣೇಶನ ಗುಡಿ ಹಿಂದೆ' ಅನ್ನೋ ವಿಳಾಸ ಹುಡುಕಿಕೊಂಡು ಬರಬೇಕು. ಐದನೇ ಕ್ರಾಸ್ ಆದಮೇಲೆ ಸೀದಾ ಐದನೇ 'ಎ' ಕ್ರಾಸ್ ಬರೋ ಊರು ನಮ್ಮದು. ಮನೆಗೆ ಬೀಗ ಇದ್ದರೆ ನಾಳೆ ಮತ್ತೆ ಬರಬೇಕು. 'ಬಣ್ಣ ಚೆನ್ನಾಗಿಲ್ಲ, ಬೇಡ' ಅಂದರೆ ಸೀರೆ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಲಾರಿ ಬಾಡಿಗೆ, ಗೋದಾಮಿನ ಬಾಡಿಗೆ, ಹುಡುಗನ ಕೂಲಿ ಎಲ್ಲಾ ಆ 70ರಲ್ಲೇ. ಪಾರ್ಸೆಲ್ ಜಾಸ್ತಿ ಬಂದರೆ ಲಾಭ ತಾನಾಗಿ ಜಾಸ್ತಿ ಆಗುತ್ತದೆ ಅನ್ನುವುದು ಅರ್ಧ ಸತ್ಯ. ಲಾರಿ ತುಂಬಿ ಹೊರಟರೆ ಮಾತ್ರ ಆ ಮಾತು ನಿಜ. ಲಾರಿ ತುಂಬಿಸುವುದು, ಬಿಡುವುದು ಗಿರಾಕಿಯ ಕೈಯಲ್ಲಿದೆ. ಆ ಗಿರಾಕಿಗಳಲ್ಲಿ ದೊಡ್ಡವರು ಕೂತಿರುವುದು ಬೆಂಗಳೂರಿನಲ್ಲಿ.

ಕಂಪನಿ ಹುಟ್ಟಿದ್ದು 2011ರಲ್ಲಿ, ದೆಹಲಿ ಪಕ್ಕದ ಗುರುಗ್ರಾಮದಲ್ಲಿ. ಹೆಸರಿನಲ್ಲೇ ದೆಹಲಿ ಇದೆ. ಮೊದಲಿಗೆ ಮಾಡುತ್ತಿದ್ದದ್ದು ಹೋಟೆಲ್ ಊಟ ತಲುಪಿಸುವ ಕೆಲಸ. ಆಮೇಲೆ ಆನ್‌ಲೈನ್ ಅಂಗಡಿಗಳ ಸಾಮಾನಿನ ಕಡೆ ತಿರುಗಿತು. ಮುಖ್ಯಸ್ಥ ಸಾಹಿಲ್ ಬರುವಾ ಓದಿದ್ದು ಮಾತ್ರ ನಮ್ಮ ಕಡೆ: ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಎಂಜಿನಿಯರಿಂಗ್, ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಮ್ಯಾನೇಜ್‌ಮೆಂಟ್.

ಇತ್ತ ಬೆಂಗಳೂರಿನಲ್ಲಿ 2007ರಲ್ಲೇ ಫ್ಲಿಪ್‌ಕಾರ್ಟ್ ಶುರುವಾಗಿತ್ತು. ಅದು ಸಾಗಣೆಗೆ ಈಕಾರ್ಟ್ ಅನ್ನುವ ತನ್ನದೇ ವ್ಯವಸ್ಥೆ ಕಟ್ಟಿಕೊಂಡಿತು. ಆಗಲೇ ಒಂದು ಸುಳಿವು ಸಿಕ್ಕಿತ್ತು. ಗಿರಾಕಿ ಒಂದು ಮಟ್ಟಕ್ಕೆ ಬೆಳೆದರೆ, ಸಾಗಣೆಯವನಿಗೆ ಕೊಡುವ ದುಡ್ಡು ಉಳಿಸೋಕೆ ತಾನೇ ಲಾರಿಗೆ ಇಳಿಯುತ್ತಾನೆ. ಆದರೆ ಮಾರುಕಟ್ಟೆ ಎಷ್ಟು ಜೋರಾಗಿ ಬೆಳೆಯುತ್ತಿತ್ತು ಅಂದರೆ, ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. 2019ರಲ್ಲಿ ಜಪಾನಿನ ಹೂಡಿಕೆ ಕಂಪನಿ ಸಾಫ್ಟ್‌ಬ್ಯಾಂಕ್ ಡೆಲ್ಹಿವರಿಗೆ ದುಡ್ಡು ಹಾಕಿತು. 2021ರಲ್ಲಿ ಅಮೆರಿಕದ ಫೆಡೆಕ್ಸ್ 10 ಕೋಟಿ ಡಾಲರ್ ಹಾಕಿತು. ಅದೇ ವರ್ಷ ಆಗಸ್ಟ್‌ನಲ್ಲಿ ಡೆಲ್ಹಿವರಿ ಸುಮಾರು 1,500 ಕೋಟಿ ರೂಪಾಯಿ ಕೊಟ್ಟು ಬೆಂಗಳೂರಿನ ಸ್ಪಾಟನ್ ಲಾಜಿಸ್ಟಿಕ್ಸ್ ಕಂಪನಿಯನ್ನು ಕೊಂಡುಕೊಂಡಿತು. ಸ್ಪಾಟನ್‌ನದು ಸೀರೆ, ಚಪ್ಪಲಿಯ ಪುಟ್ಟ ಪಾರ್ಸೆಲ್ ಅಲ್ಲ. ಕಾರ್ಖಾನೆ, ವ್ಯಾಪಾರಿಗಳ ಭಾರದ ಸರಕು.

ಐಪಿಒ, ಅಂದರೆ ಮೊದಲ ಬಾರಿ ಸಾರ್ವಜನಿಕರಿಗೆ ಷೇರು ಮಾರಾಟ, ಬಂದದ್ದು 2022ರ ಮೇ ತಿಂಗಳಲ್ಲಿ. ಮೊದಲು 7,460 ಕೋಟಿ ಎತ್ತುವ ಯೋಚನೆ ಇತ್ತು. ಪೇಟೆ ಮಂಕಾಗಿದ್ದರಿಂದ 5,235 ಕೋಟಿಗೆ ಇಳಿಸಿದರು. ಷೇರಿಗೆ 487 ರೂಪಾಯಿ. ಸಣ್ಣ ಹೂಡಿಕೆದಾರರ ಪಾಲಿನ ಷೇರುಗಳು ಪೂರ್ತಿ ಖರ್ಚಾಗಲೂ ಇಲ್ಲ. ಹಿಂದಿನ ವರ್ಷದ ಐಪಿಒ ಹುಚ್ಚಿನಲ್ಲಿ ಕೈ ಸುಟ್ಟುಕೊಂಡವರು ಆಫೀಸು ಆಫೀಸಿನಲ್ಲೂ ಇದ್ದರು, ಅಲ್ವಾ? ಆದರೂ ಷೇರು ಮೇ 24ರಂದು ಕೊಟ್ಟ ಬೆಲೆಗಿಂತ ತುಸು ಮೇಲೆಯೇ ತೆರೆಯಿತು. ಜುಲೈನಲ್ಲಿ 700 ದಾಟಿತು. ಇವತ್ತು ತಿರುಗಿ ನೋಡಿದರೆ ಆಶ್ಚರ್ಯ ಆಗುತ್ತದೆ. ಯಾಕೆಂದರೆ ಅದೇ ಏಪ್ರಿಲ್-ಜೂನ್‌ನಲ್ಲಿ ಒಳಗೆ ದೊಡ್ಡ ಗೊಂದಲ ನಡೆದಿತ್ತು. ಸ್ಪಾಟನ್‌ನ ಗೋದಾಮು, ಲಾರಿ ದಾರಿ, ಸಾಫ್ಟ್‌ವೇರ್ ಎಲ್ಲವನ್ನೂ ಡೆಲ್ಹಿವರಿಯ ವ್ಯವಸ್ಥೆಯೊಳಗೆ ಸೇರಿಸುವಾಗ ಸರಕು ಅಲ್ಲಲ್ಲೇ ಸಿಕ್ಕಿಕೊಂಡಿತು, ಗಿರಾಕಿಗಳು ಕೈಬಿಟ್ಟರು. ಆ ಮೂರು ತಿಂಗಳ ನಷ್ಟವೇ 399 ಕೋಟಿ.

ಅಕ್ಟೋಬರ್‌ನಲ್ಲಿ ಕಂಪನಿ ಒಂದು ಸಣ್ಣ ಹೇಳಿಕೆ ಕೊಟ್ಟಿತು. ಬೆಲೆ ಏರಿಕೆಯಿಂದ ಜನ ಖರ್ಚು ಹಿಡಿದಿದ್ದಾರೆ, ಉಳಿದ ವರ್ಷ ಬೆಳವಣಿಗೆ ಸಾಧಾರಣ ಅಂತ. ಷೇರು ಒಂದೇ ದಿನದಲ್ಲಿ ಶೇ. 15ಕ್ಕೂ ಜಾಸ್ತಿ ಬಿತ್ತು. ವರ್ಷದ ಕೊನೆಗೆ ಐಪಿಒ ಬೆಲೆ ಕೈಗೆಟುಕದಷ್ಟು ದೂರ ಹೋಗಿತ್ತು. 2021-22ರ ನಷ್ಟ 1,011 ಕೋಟಿ, 2022-23ರದ್ದು 1,008 ಕೋಟಿ. ಮೂರು ಕೋಟಿ ಕಡಿಮೆ ಆಯಿತು ಅಂತ ಸಮಾಧಾನ ಪಟ್ಟುಕೊಳ್ಳಬಹುದಿತ್ತೇನೋ.

ನಷ್ಟದ ಲೆಕ್ಕ ಆಮೇಲೆ ನಿಜಕ್ಕೂ ಸುಧಾರಿಸಿತು. 2023-24ಕ್ಕೆ ನಷ್ಟ 249 ಕೋಟಿಗೆ ಇಳಿಯಿತು. 2024-25ರಲ್ಲಿ ಮೊದಲ ಬಾರಿಗೆ ಇಡೀ ವರ್ಷದ ಲಾಭ ಬಂತು: 162 ಕೋಟಿ, 8,900 ಕೋಟಿ ಮೇಲಿನ ವಹಿವಾಟಿನಲ್ಲಿ. ತಮಾಷೆ ಅಂದರೆ ಈ ಲಾಭದ ವರ್ಷದಲ್ಲೇ, 2025ರ ಮಾರ್ಚ್‌ನಲ್ಲಿ, ಷೇರು 240ರ ಕೆಳಗೆ ಇಳಿದಿತ್ತು. ಅಂದರೆ ಐಪಿಒ ಬೆಲೆಯ ಅರ್ಧಕ್ಕಿಂತ ಕಡಿಮೆ.

ಇದರ ಕಾರಣ ಬೆಂಗಳೂರಿನಲ್ಲಿತ್ತು. ಕಡಿಮೆ ಬೆಲೆಯ ಬಟ್ಟೆ, ಪಾತ್ರೆ ಮಾರುವ ಮೀಶೋ ದೇಶದ ಪಾರ್ಸೆಲ್ ಕಂಪನಿಗಳಿಗೆಲ್ಲ ಹೊಟ್ಟೆ ತುಂಬಿಸುತ್ತಿದ್ದ ಗಿರಾಕಿ. ಅದು ವಾಲ್ಮೋ ಅನ್ನುವ ವ್ಯವಸ್ಥೆ ತಂದಿತು. ವಾಲ್ಮೋದ್ದು ಅಂತ ಲಾರಿ ಇಲ್ಲ. ಒಂದು ಕಡೆ ಲಾರಿಯವನು, ಇನ್ನೊಂದು ಕಡೆ ವಿಂಗಡಣೆಯವನು, ಮತ್ತೊಂದು ಊರಲ್ಲಿ ಬೈಕ್ ಹುಡುಗರನ್ನಿಟ್ಟುಕೊಂಡವನು. ಇವರನ್ನೆಲ್ಲ ಸಾಫ್ಟ್‌ವೇರಿನಲ್ಲಿ ಪೋಣಿಸಿ, ಪ್ರತಿ ಹಂತಕ್ಕೂ ಅಗ್ಗದವರನ್ನು ಆರಿಸುವುದು. ಮೀಶೋ ಪಾರ್ಸೆಲ್‌ಗಳ ದೊಡ್ಡ ಪಾಲು ಆ ಕಡೆ ಹೊರಳಿತು. 2024-25ರಲ್ಲಿ ಡೆಲ್ಹಿವರಿಯ ಪಾರ್ಸೆಲ್ 74 ಕೋಟಿಯಿಂದ 75 ಕೋಟಿಗೆ ಬಂದು ನಿಂತಿತು. ಇನ್ನೊಂದು ಕಡೆ ಹತ್ತು ನಿಮಿಷದ ಡೆಲಿವರಿ. ಪಕ್ಕದ ಬೀದಿಯ ಗೋದಾಮಿನಿಂದ ಬರುವ ಶಾಂಪೂಗೆ ಹೊಸಕೋಟೆಯ ಹಬ್ ಯಾಕೆ ಬೇಕು? ಪೇಟೆ ಹೆದರಿದ್ದು ಇದಕ್ಕೆ.

ಆ ವರ್ಷ ಕೈ ಹಿಡಿದದ್ದು ಭಾರದ ಸರಕು. ಹಿಂದೆ ಬಿಕ್ಕಟ್ಟು ತಂದಿದ್ದ ಸ್ಪಾಟನ್‌ನ ಅದೇ ವ್ಯಾಪಾರ.

ಈ ಜಾಗದಲ್ಲಿ ಕನ್ನಡಿಗರಿಗೆ ವಿಆರ್‌ಎಲ್ ನೆನಪಾಗದೆ ಇರುವುದಿಲ್ಲ. ವಿಜಯ ಸಂಕೇಶ್ವರ 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರು ಮಾಡಿದ, ಆಮೇಲೆ ಹುಬ್ಬಳ್ಳಿಯಿಂದ ಬೆಳೆದ ಕಂಪನಿ ಅದು. 2015ರ ಏಪ್ರಿಲ್‌ನಲ್ಲಿ 205 ರೂಪಾಯಿಗೆ ಕೊಟ್ಟ ಷೇರು 288ಕ್ಕೆ ತೆರೆದಿತ್ತು. ಮರುವರ್ಷ ಮಾಲೀಕರು ವಿಮಾನ ಕಂಪನಿ ಮಾಡ್ತೀವಿ ಅಂದಾಗ ಷೇರು ದಬಕ್ಕನೆ ಬಿತ್ತು. ಆ ಯೋಜನೆ ಕೈಬಿಟ್ಟರು, ಒಳ್ಳೆಯದೇ ಆಯಿತು ಅನ್ನಿ. ಚಿಕ್ಕಪೇಟೆಯ ಬಟ್ಟೆ ಅಂಗಡಿಯವನು ಕಳಿಸುವ ಒಂದು ಬಂಡಲ್, ಇನ್ನೊಬ್ಬನ ಎರಡು ಪೆಟ್ಟಿಗೆ, ಇವೇ ಅದರ ಜೀವಾಳ. ಯಾವ ಒಬ್ಬ ಗಿರಾಕಿ ಎದ್ದು ಹೋದರೂ ಅಲುಗಾಡುವುದಿಲ್ಲ. ಹಾಗಾಗಿ 2024-25ರಲ್ಲಿ ಅದು ದರ ಏರಿಸಿ, ಲಾಭ ಇಲ್ಲದ ಸರಕನ್ನು ತಾನೇ ಬಿಟ್ಟಿತು. ಸಾಗಿಸಿದ ಸರಕು ಕಡಿಮೆ ಆಯಿತು, ಲಾಭ ಜಾಸ್ತಿ ಆಯಿತು: ಸುಮಾರು 183 ಕೋಟಿ, 3,100 ಕೋಟಿ ಚಿಲ್ಲರೆ ವಹಿವಾಟಿನಲ್ಲಿ. ಸುಮಾರು ಮೂರು ಪಟ್ಟು ದೊಡ್ಡ ಡೆಲ್ಹಿವರಿಗಿಂತ ಹೆಚ್ಚು! ಆದರೂ ಷೇರುಪೇಟೆ ಡೆಲ್ಹಿವರಿಗೆ ಕಟ್ಟಿರುವ ಬೆಲೆ ವಿಆರ್‌ಎಲ್‌ಗಿಂತ ಹಲವು ಪಟ್ಟು ಜಾಸ್ತಿ. ಮುಂದೆ ಬೆಳೆಯಬಹುದು ಅನ್ನುವ ಆಸೆಗೆ ಕೊಡುವ ಬೆಲೆ ಅದು. ನನಗಂತೂ ಆ ಅಂತರ ಜಾಸ್ತಿಯೇ ಅನ್ನಿಸುತ್ತದೆ.

ವಾಲ್ಮೋ ಏಟಿಗೆ ಡೆಲ್ಹಿವರಿಗಿಂತ ಜೋರಾಗಿ ಬಿದ್ದದ್ದು ಅದರ ಎದುರಾಳಿ ಈಕಾಮ್ ಎಕ್ಸ್‌ಪ್ರೆಸ್. ಅದರ ಆದಾಯದ ಅರ್ಧಕ್ಕಿಂತ ಹೆಚ್ಚು ಮೀಶೋ ಒಂದರಿಂದಲೇ ಬರುತ್ತಿತ್ತು. 2024ರಲ್ಲಿ ಐಪಿಒಗೆ ಅರ್ಜಿ ಹಾಕಿದ್ದ ಕಂಪನಿ, 2025ರ ಏಪ್ರಿಲ್‌ನಲ್ಲಿ ಸುಮಾರು 1,407 ಕೋಟಿಗೆ ತನ್ನನ್ನೇ ಡೆಲ್ಹಿವರಿಗೆ ಮಾರಿಕೊಳ್ಳಲು ಒಪ್ಪಿತು. ಎದುರಾಳಿ ಕಡಿಮೆ ಆದರೆ ದರ ಸ್ವಲ್ಪ ನಿಲ್ಲುತ್ತದೆ ಅನ್ನುವ ಲೆಕ್ಕದಲ್ಲಿ ಷೇರು ಏರಿತು. ಸೆಪ್ಟೆಂಬರ್ ಹೊತ್ತಿಗೆ 450 ದಾಟಿತ್ತು.

ಆಮೇಲೆ ಜುಲೈ-ಸೆಪ್ಟೆಂಬರ್‌ನ ಲೆಕ್ಕ ಬಂತು. ವಹಿವಾಟು ಶೇ. 17ರಷ್ಟು ಜಾಸ್ತಿ, ಆದರೆ ನಷ್ಟ ಸುಮಾರು 50 ಕೋಟಿ. ಈಕಾಮ್ ಅನ್ನು ಒಳಗೆ ಸೇರಿಸಿಕೊಳ್ಳುವ ಖರ್ಚೇ 90 ಕೋಟಿ ಆಗಿತ್ತು. ಅದನ್ನು ಬಿಟ್ಟರೆ ಲಾಭ ಅಂತ ಕಂಪನಿ ಹೇಳಿತು. ಸ್ಪಾಟನ್ ಕಾಲವನ್ನು ನೋಡಿದವರು ಕಾಯಲಿಲ್ಲ, ಮಾರಿದರು. ಡಿಸೆಂಬರ್‌ನಲ್ಲಿ ಡೆಲ್ಹಿವರಿ ಷೇರು ಇನ್ನೂ 487ರ ಕೆಳಗೇ ಇತ್ತು. ಅದೇ ತಿಂಗಳು ಮೀಶೋ ಷೇರುಪೇಟೆಗೆ ಬಂತು. 111 ರೂಪಾಯಿಗೆ ಕೊಟ್ಟ ಷೇರು ಮೊದಲ ದಿನವೇ 160ರ ಮೇಲೆ ತೆರೆಯಿತು.