ಅರಿಷ್ಟದ ಭರಣಿಯಲ್ಲಿ ಸಕ್ಕರೆ ಕಳಚುವ ಕೆಲಸ

ಗಿಡಮೂಲಿಕೆಗಳ ಎಷ್ಟೋ ಔಷಧಾಂಶಗಳು ಸಕ್ಕರೆಯ ಅಣುಗಳನ್ನು ಅಂಟಿಸಿಕೊಂಡೇ ಇರುತ್ತವೆ. ಗಿಡಕ್ಕೆ ಇದರಿಂದ ಅನುಕೂಲವೇ, ಆದರೆ ನಮ್ಮ ಕರುಳಿನ ಗೋಡೆ ದಾಟಲು ಅದೇ ಅಡ್ಡಿ. ಹುದುಗಿಸಿದಾಗ ಸೂಕ್ಷ್ಮಜೀವಿಗಳ ಬೀಟಾ-ಗ್ಲೂಕೋಸಿಡೇಸ್ ಕಿಣ್ವ ಈ ಸಕ್ಕರೆಯನ್ನು ಕಳಚುತ್ತದೆ. ಜಿನ್ಸೆಂಗ್ ಬೇರಿನ ಆರ್‌ಬಿ1 ಅಂಶದಲ್ಲಿ ನಾಲ್ಕು ಗ್ಲೂಕೋಸ್ ಇರುತ್ತವೆ. ಮೂರು ಕಳಚಿದರೆ ಉಳಿಯುವುದು ‘ಕಾಂಪೌಂಡ್ ಕೆ’: ಅಣುತೂಕ 1109ರಿಂದ 623ಕ್ಕೆ ಇಳಿದಿರುತ್ತದೆ, ಮೈ ಹೀರಿಕೊಳ್ಳುವುದೂ ಸುಲಭ. ನೆಲ್ಲಿ, ಅಳಲೆಯ ಟ್ಯಾನಿನ್ನಿನಿಂದ ಗ್ಯಾಲಿಕ್ ಆಮ್ಲ ಬಿಡಿಸುವುದು ಟ್ಯಾನೇಸ್ ಎಂಬ ಇನ್ನೊಂದು ಕಿಣ್ವ.

ಕಷಾಯಕ್ಕೆ ಬೆಲ್ಲ ಸೇರಿಸಿ ಹುದುಗಿಸುವ ಆಯುರ್ವೇದದ ಔಷಧಗಳೇ ಅರಿಷ್ಟಗಳು; ಅವು ಹುದುಗುವ ಬಗೆಯೂ ಸ್ವಾರಸ್ಯದ್ದು. ಹಳೆಯ ಆಯುರ್ವೇದ ಗ್ರಂಥ ಶಾರ್ಙ್ಗಧರ ಸಂಹಿತೆಯ ಲೆಕ್ಕದಲ್ಲಿ ಒಂದು ದ್ರೋಣ ದ್ರವಕ್ಕೆ ಒಂದು ತುಲಾ ಬೆಲ್ಲ, ಬೆಲ್ಲದ ಅರ್ಧದಷ್ಟು ಜೇನು, ಬೆಲ್ಲದ ಹತ್ತನೇ ಒಂದು ಪಾಲು ಪ್ರಕ್ಷೇಪ ಚೂರ್ಣ, ಅಂದರೆ ಮೇಲಿಂದ ಬೆರೆಸುವ ಮೂಲಿಕೆಗಳ ಪುಡಿ. ದ್ರವವನ್ನು ಇಮ್ಮಡಿ ಹಿಡಿಯುವ ನಿಯಮದಂತೆ ಅದು ಸುಮಾರು 24.5 ಲೀಟರ್ ಕಷಾಯಕ್ಕೆ 4.8 ಕೆ.ಜಿ. ಬೆಲ್ಲ. ಒಣಗಿದ ಕೆಂಪು ಧಾತಕಿ ಹೂವಿನ ಮೇಲೆಯೇ ಯೀಸ್ಟ್ ಕೂತಿರುತ್ತದೆ. ಬಿಸಿ ಕಷಾಯಕ್ಕೆ ಹೂ ಹಾಕಿದರೆ ಅದು ಸತ್ತು, ಭರಣಿ ವಾರಗಟ್ಟಲೆ ಮೌನವಾಗಿರುತ್ತದೆ; ಪೂರ್ತಿ ಆರಿದ ಮೇಲೆಯೇ ಹಾಕಬೇಕು. ನೊರೆಗೆ ಜಾಗ ಬೇಕು, ಕಾಲು ಭಾಗ ಖಾಲಿ ಬಿಡಿ. ಬೆಲ್ಲ ಅತಿಯಾದರೆ ಯೀಸ್ಟಿನ ಮೈಯ ನೀರೇ ಹೊರಗೆಳೆದು ಹುದುಗು ನಿಲ್ಲುತ್ತದೆ. ಗಾಳಿ ನುಸುಳಿದರೆ ಮದ್ಯಸಾರ ವಿನೆಗರ್ ಆಗುತ್ತದೆ. ಭರಣಿಗೆ ಕಿವಿಯಿಟ್ಟರೆ ಮೊದಲು ಬುಸುಗುಡುವ ಸದ್ದು; ಅದು ನಿಂತಾಗ ಭರಣಿಯ ಬಾಯಿಯೊಳಗೆ ಹಿಡಿದ ಬೆಂಕಿಕಡ್ಡಿ ಆರದೆ ಉರಿದರೆ ಕೆಲಸ ಮುಗಿದಿದೆ. ಇಲ್ಲಿ ತಾನಾಗಿಯೇ ಹುಟ್ಟುವ ಮದ್ಯಸಾರ ಸಾಮಾನ್ಯವಾಗಿ ಶೇ. 5ರಿಂದ 10. ಗರ್ಭಿಣಿಯರು, ಯಕೃತ್ತಿನ ತೊಂದರೆಯಿರುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

‘ಹುದುಗಿಸಿದ್ದರಿಂದ ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ಶಕ್ತಿ ಹೆಚ್ಚಿತು’ ಎನ್ನುವವರು ಬಹುಪಾಲು ಡಿಪಿಪಿಎಚ್ ಪರೀಕ್ಷೆ ತೋರಿಸುತ್ತಾರೆ: ನೇರಳೆ ದ್ರಾವಣ ಹಳದಿಗೆ ತಿರುಗುತ್ತದೆ, 517 ನ್ಯಾನೊಮೀಟರಿನಲ್ಲಿ ಅಳೆಯುತ್ತಾರೆ. ಆದರೆ ಬೆಲ್ಲದ ಫೀನಾಲುಗಳೂ, ಕುದಿಸುವಾಗ ಹುಟ್ಟುವ ಕಂದು ವಸ್ತುಗಳೂ ಅದೇ ಬಣ್ಣ ಬದಲಾವಣೆ ಮಾಡುತ್ತವೆ. ಜೊತೆಗೆ ಪರೀಕ್ಷಾನಳಿಕೆಯಲ್ಲಿ ಬಣ್ಣ ಬದಲಾದ ಮಾತ್ರಕ್ಕೆ ಮುಖದ ಸುಕ್ಕು ಕಡಿಮೆಯಾಗುವುದಿಲ್ಲ. ಮುಪ್ಪು ತಡೆಯುವ ಪುರಾವೆ ಹೆಚ್ಚಾಗಿ ಜೀವಕೋಶ, ಇಲಿಗಳಲ್ಲೇ ನಿಂತಿದೆ. ಹಾಗಾಗಿ ಹೋಲಿಕೆಯ ಭರಣಿ ಇಲ್ಲದ ಅಂಕಿಗಳನ್ನು ನಂಬಬೇಡಿ. ಆ ಭರಣಿಯಲ್ಲೂ ಅದೇ ಕಷಾಯ, ಅದೇ ಬೆಲ್ಲ, ಅದೇ ಹೂ, ಅಷ್ಟೇ ದಿನ, ಅಷ್ಟೇ ಬಿಸುಪು; ಆದರೆ ಯೀಸ್ಟನ್ನು ಮೊದಲೇ ಕೊಂದಿರಬೇಕು. ಎರಡನ್ನೂ ಒಂದೇ ದಿನ ಅಳೆದಾಗ ಕಾಣುವ ವ್ಯತ್ಯಾಸವಷ್ಟೇ ಹುದುಗಿನದು.