ಬಾಗಿಲಿಗೆ ಬಿಸಿಲು, ಗೋಡೆಗೆ ನೆರಳು: ಪುಣೆಯ ಪೇಠಗಳಲ್ಲಿ ಫೋಟೋ ತೆಗೆಯುವವರಿಗೆ ಟಿಪ್ಪಣಿ

ಕೆತ್ತನೆಯ ಬಾಗಿಲಿಗೆ ಬೇಕಾದ ಬೆಳಕು ಗೋಡೆಚಿತ್ರಕ್ಕೆ ಬೇಡ. ಗೋಡೆಚಿತ್ರ ಚೆನ್ನಾಗಿ ಬರುವ ಬೆಳಕಿನಲ್ಲಿ ಬಾಗಿಲು ಸಪ್ಪೆಯಾಗುತ್ತದೆ. ನಮ್ಮ ಜೊತೆ ಹೊಸದಾಗಿ ಪುಣೆಯ ಹಳೆಯ ಬಡಾವಣೆಯಾದ ಕಸಬಾ ಪೇಠಕ್ಕೆ ಬರುವವರು ಇಷ್ಟನ್ನು ತಲೆಯಲ್ಲಿಟ್ಟುಕೊಂಡರೆ ಸಾಕು. ಯಾವ ಕ್ಯಾಮೆರಾ, ಎಷ್ಟು ಮೆಗಾಪಿಕ್ಸೆಲ್ ಎಂಬ ಚರ್ಚೆಯನ್ನು ಚಹಾದ ಹೊತ್ತಿಗೆ ಮುಂದೂಡಬಹುದು. ಪುಣೆಯಲ್ಲಿ ನೆಲೆಸಿರುವ ಕನ್ನಡಿಗರು ಕೆಲವರು ರಜೆಯ ದಿನಗಳಲ್ಲಿ ಹಳೆಯ ಪೇಠಗಳನ್ನು ಸುತ್ತುತ್ತೇವೆ. ಅಲ್ಲಿ ಕಲಿತದ್ದನ್ನು ಜೊತೆಗಾರರಿಗಾಗಿ ಬರೆದಿಡುತ್ತಿದ್ದೇನೆ. ಎಲ್ಲರ ಬಳಿಯೂ ಇರುವುದು ಮೊಬೈಲ್ ಎಂದುಕೊಂಡೇ ಬರೆದಿದ್ದೇನೆ.

ಮೊದಲು ದಿಕ್ಕು

ಗೋಡೆಚಿತ್ರ ಚಪ್ಪಟೆ. ಅದರೊಳಗಿನ ನೆರಳು ಬೆಳಕುಗಳನ್ನು ಕಲಾವಿದರೇ ಬಣ್ಣದಲ್ಲಿ ಬರೆದು ಮುಗಿಸಿರುತ್ತಾರೆ. ಅದರ ಮೇಲೆ ಓರೆ ಬಿಸಿಲು ಬಿದ್ದರೆ ವಿದ್ಯುತ್ ತಂತಿಯ ನೆರಳು, ಪಕ್ಕದ ಮಹಡಿಯಲ್ಲಿ ಒಣಗಲು ಹಾಕಿದ ಬಟ್ಟೆಯ ನೆರಳು, ಗಾರೆಯ ಉಬ್ಬುತಗ್ಗು ಎಲ್ಲವೂ ಚಿತ್ರದೊಳಕ್ಕೆ ನುಗ್ಗುತ್ತವೆ. ಆದ್ದರಿಂದ ಇಡೀ ಗೋಡೆ ನೆರಳಿನಲ್ಲಿರುವ ಹೊತ್ತನ್ನೋ ತೆಳುಮೋಡದ ದಿನವನ್ನೋ ಆರಿಸಿಕೊಳ್ಳಬೇಕು. ಅರ್ಧ ಬಿಸಿಲು ಅರ್ಧ ನೆರಳು ಇದ್ದರೆ ತೆಗೆಯುವುದೇ ಬೇಡ, ಚಹಾ ಕುಡಿದು ಬನ್ನಿ.

ಬಾಗಿಲು ಹಾಗಲ್ಲ. ಚೌಕಟ್ಟು ಮುಂದಿರುತ್ತದೆ, ಕದ ಹಿಂದಿರುತ್ತದೆ. ಕದದ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಕಬ್ಬಿಣದ ಗುಬ್ಬಿ, ನಡುವೆ ಚಿಲಕ, ಕೊಂಡಿ. ಇವನ್ನು ಬೇರೆಬೇರೆಯಾಗಿ ತೋರಿಸುವುದು ನೆರಳು ಮಾತ್ರ. ಬದಿಯಿಂದ ಟಾರ್ಚ್ ಹಿಡಿದರೆ ಜೋಳದ ರೊಟ್ಟಿಯ ಮೇಲಿನ ಸಣ್ಣ ಉಬ್ಬೂ ಎದ್ದು ಕಾಣುತ್ತದಲ್ಲ, ಅಂಥ ಬೆಳಕು ಬೇಕು. ಪೂರ್ವಕ್ಕೆ ಮುಖ ಮಾಡಿದ ಬಾಗಿಲಿಗೆ ಸೂರ್ಯೋದಯದ ಬಿಸಿಲು ನೇರವಾಗಿ ಎದೆಗೇ ಬೀಳುತ್ತದೆ. ಬಣ್ಣ ಚೆಂದ, ಕೆತ್ತನೆ ಮಂಕು, ಜೊತೆಗೆ ನಿಮ್ಮದೇ ನೆರಳು ಕದದ ಮೇಲೆ. ಅದೇ ಬಾಗಿಲಿಗೆ ಹತ್ತೂವರೆ, ಹನ್ನೊಂದರ ಹೊತ್ತಿಗೆ ಹೋದರೆ ಸೂರ್ಯ ಮೇಲೇರಿ ಬೆಳಕು ಕದವನ್ನು ಸವರಿಕೊಂಡು ಇಳಿಯುತ್ತಿರುತ್ತದೆ. ಆ ಗೋಡೆಯ ಮೇಲೆಯೇ ಚಿತ್ರವೂ ಇದ್ದರೆ ಅದಕ್ಕಾಗಿ ಮಧ್ಯಾಹ್ನ ಮರಳಿ ಬರಬೇಕು, ಆಗ ಗೋಡೆ ಪೂರ್ತಿ ನೆರಳಿಗೆ ಬಂದಿರುತ್ತದೆ. ಒಂದೇ ಸುತ್ತಿನಲ್ಲಿ ಎರಡನ್ನೂ ಮುಗಿಸುತ್ತೇನೆ ಎನ್ನುವವರಿಗೆ ಎರಡರಲ್ಲೊಂದು ಕೈತಪ್ಪುತ್ತದೆ.

ಉತ್ತರಕ್ಕೆ ಮುಖ ಮಾಡಿದ ಬಾಗಿಲುಗಳ ಕಥೆ ಬೇರೆ. ಪುಣೆ ಇರುವುದು ಸುಮಾರು 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೇ ವಾರದವರೆಗೆ ಸೂರ್ಯ ದಿನವಿಡೀ ದಕ್ಷಿಣದ ಕಡೆಯೇ ಇರುವುದರಿಂದ ಉತ್ತರದ ಗೋಡೆಗೆ ನೇರ ಬಿಸಿಲು ತಾಗುವುದೇ ಇಲ್ಲ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಇದು ತಲೆಕೆಳಗಾಗುತ್ತದೆ: ಸೂರ್ಯ ಇಡೀ ದಿನ ಉತ್ತರಕ್ಕೆ ವಾಲಿರುತ್ತಾನೆ. ಜೂನ್ ಬಂತೆಂದರೆ ಮಳೆಮೋಡ ಕವಿಯುವುದರಿಂದ ನಮ್ಮ ಕೈಗೆ ಸಿಗುವುದು ಮೇ ಕೊನೆಯ ಎರಡು ವಾರ ಮಾತ್ರ. ಮೇ ಮಧ್ಯದ ಶೂನ್ಯ ನೆರಳಿನ ದಿನ ಎಲ್ಲರೂ ನೆಲದ ಮೇಲೆ ಕೋಲು ನೆಟ್ಟು ನೋಡುತ್ತಾರೆ. ನೀವು ಗೋಡೆ ನೋಡಿ. ನೆತ್ತಿಯ ಮೇಲಿನ ಸೂರ್ಯ ಗೋಡೆಗೆ ಸಮಾಂತರವಾಗಿ ಬೆಳಕು ಸುರಿಸುತ್ತಾನೆ. ಮೇಲೆ ಸೂರು ಅಡ್ಡವಿಲ್ಲದಿದ್ದರೆ ಚಾಚಿಕೊಂಡ ಒಂದೊಂದು ಮೊಳೆಯೂ ಕೆಳಕ್ಕೆ ಉದ್ದನೆಯ ಗೆರೆ ಎಳೆಯುತ್ತದೆ.

ಶನಿವಾರವಾಡೆಯ ದಿಲ್ಲಿ ದರವಾಜೆ

ಉತ್ತರದ ಬಾಗಿಲು ಎಂದರೆ ಪುಣೆಯಲ್ಲಿ ಮೊದಲ ಹೆಸರು ಇದೇ. ಮರಾಠಾ ರಾಜ್ಯದ ಪೇಶ್ವೆ (ಪ್ರಧಾನಿ) ಒಂದನೇ ಬಾಜಿರಾವ್ 1730ರಲ್ಲಿ ಅಡಿಗಲ್ಲು ಹಾಕಿ 1732ರಲ್ಲಿ ಗೃಹಪ್ರವೇಶ ಮಾಡಿದ ಶನಿವಾರವಾಡೆಯ ಮುಖ್ಯದ್ವಾರ ಇದು, ಮುಖ ದಿಲ್ಲಿಯ ಕಡೆಗೆ. 1828ರ ಬೆಂಕಿಯಲ್ಲಿ ಒಳಗಿನ ಅರಮನೆ ಸುಟ್ಟುಹೋಯಿತು. ಹೊರಗೋಡೆ, ಬುರುಜು, ಬಾಗಿಲುಗಳು ಉಳಿದವು. ಪ್ರತಿ ಕದದಲ್ಲೂ ಒಂಬತ್ತಕ್ಕೆ ಎಂಟರ ಸಾಲಿನಂತೆ 72 ಉಕ್ಕಿನ ಮುಳ್ಳುಗಳಿವೆ, ಒಂದೊಂದೂ ಸುಮಾರು ಹನ್ನೆರಡು ಅಂಗುಲ. ಯುದ್ಧದ ಆನೆ ಹಣೆಯಿಂದ ಗುದ್ದಿ ಕದ ಮುರಿಯದಿರಲಿ ಎಂದು ಅದರ ಹಣೆಯ ಮಟ್ಟಕ್ಕೇ ಜಡಿದದ್ದು.

ಹೋದವರೆಲ್ಲ ಎದುರು ನಿಂತು ತೆಗೆಯುತ್ತಾರೆ, ಅದಕ್ಕೇ ಎಲ್ಲರ ಫೋಟೋದಲ್ಲೂ ಮುಳ್ಳುಗಳು ಚುಕ್ಕೆಗಳಾಗಿರುತ್ತವೆ. ಅಂಗುಲಗಳ ಉದ್ದ ಕಾಣಬೇಕಾದರೆ ಕದದ ಪಕ್ಕಕ್ಕೆ ಹೋಗಿ ಓರೆಯಾಗಿ ನೋಡಬೇಕು. ಎರಡು ಬದಿಯ ಬುರುಜುಗಳು ಬೆಳಕನ್ನು ತಡೆಯುವುದರಿಂದ ಇಲ್ಲಿ ಬಿಸಿಲನ್ನು ನೆಚ್ಚಿಕೊಳ್ಳುವಂತಿಲ್ಲ, ನಿಲ್ಲುವ ಜಾಗವೇ ಕೆಲಸ ಮಾಡಬೇಕು. ಬಲಗದದ ಕೆಳಮೂಲೆಯಲ್ಲಿ ದಿನನಿತ್ಯದ ಓಡಾಟಕ್ಕೆ ಮಾಡಿದ ದಿಡ್ಡಿ ಬಾಗಿಲು ಇದೆ, ಸೈನ್ಯ ಒಟ್ಟಿಗೆ ನುಗ್ಗಲಾರದಷ್ಟು ಚಿಕ್ಕದು. ಅದರಲ್ಲಿ ಒಬ್ಬರು ಬಗ್ಗಿ ದಾಟುವವರೆಗೆ ಕಾಯಿರಿ. ಮನುಷ್ಯನ ಅಳತೆ ಪಕ್ಕದಲ್ಲಿ ಇಲ್ಲದೆ ಈ ಕದದ ಗಾತ್ರ ಯಾವ ಫೋಟೋದಲ್ಲೂ ತಿಳಿಯುವುದಿಲ್ಲ.

ವಾಡೆಯ ಬಾಗಿಲಲ್ಲಿ ಏನನ್ನು ನೋಡಬೇಕು

ಬೆಳಗಾವಿ, ಧಾರವಾಡದ ಕಡೆಯವರಿಗೆ ವಾಡೆ, ಅಂದರೆ ಹಳೆಯ ಕಾಲದ ದೊಡ್ಡ ಮನೆ, ಹೊಸದಲ್ಲ. ಪುಣೆಯ ವಾಡೆಗಳೂ ಅದೇ ಬಳಗದವು: ಕಲ್ಲು, ಇಟ್ಟಿಗೆ, ತೇಗದ ಚೌಕಟ್ಟು, ನಡುವೆ ತೆರೆದ ಚೌಕ. ಬಾಗಿಲ ಮೇಲಡ್ಡೆಯಲ್ಲಿ ಗಣೇಶಪಟ್ಟಿ ಇರುತ್ತದೆ. ಮರದಲ್ಲಿ ಕೆತ್ತಿದ ಗಣಪತಿ, ಎಷ್ಟೋ ಕಡೆ ಎಣ್ಣೆಬಣ್ಣ ಬಳಿದು ಬಳಿದು ಸೊಂಡಿಲು ಕರಗಿಹೋಗಿರುತ್ತದೆ. ಹೊಸ್ತಿಲು ಎತ್ತರ. ಒಳಗೆ ಕಾಲಿಡುತ್ತಲೇ ಕಾವಲಿನವರು ಕೂರುತ್ತಿದ್ದ ದೇವಡಿ, ಆಮೇಲೆ ಚೌಕ. ಇವೆಲ್ಲವನ್ನೂ ಒಂದೇ ಚಿತ್ರದಲ್ಲಿ ತುರುಕದೆ, ಕದ ತೆರೆದಿದ್ದರೆ ಒಳಗಿನ ಚೌಕದ ಬೆಳಕನ್ನು ಹಿನ್ನೆಲೆಯಾಗಿಟ್ಟು ಹೊಸ್ತಿಲಿನಿಂದ ಒಂದು ತೆಗೆಯಿರಿ. ಮುಚ್ಚಿದ ಕದಕ್ಕಿಂತ ಅರೆತೆರೆದ ಕದವೇ ನನಗೆ ಇಷ್ಟ. ಮುಚ್ಚಿದ ಕದಗಳ ಫೋಟೋಗಳನ್ನು ಸಾಲಾಗಿ ನೋಡಿದರೆ ಮರದ ಅಂಗಡಿಯ ಕ್ಯಾಟಲಾಗ್ ಕಂಡಂತಾಗುತ್ತದೆ.

ನದಿಯ ಹತ್ತಿರದ ಓಣಿಗಳಲ್ಲಿ ಹಳೆಯ ಬಾಗಿಲುಗಳು ವಿರಳವೇಕೆ ಎಂದು ಕೇಳುವವರಿದ್ದಾರೆ. 1961ರ ಜುಲೈ 12ರಂದು ಪಾನ್‌ಶೆತ್ ಅಣೆಕಟ್ಟು ಒಡೆದು ಮುಠಾ ನದಿಯ ನೀರು ದಂಡೆಯ ಪೇಠಗಳಿಗೆ ನುಗ್ಗಿತು, ಅಲ್ಲಿನ ವಾಡೆಗಳು ಹೆಚ್ಚಿನ ಸಂಖ್ಯೆಯಲ್ಲಿ ಬಿದ್ದವು. ಉಳಿದವುಗಳ ಜಾಗಕ್ಕೆ ಅಪಾರ್ಟ್‌ಮೆಂಟ್‌ಗಳು ಈಗಲೂ ಬರುತ್ತಿವೆ. ಕೆತ್ತನೆಯನ್ನು ಹತ್ತಿರದಿಂದ ನೋಡಿ ಕಣ್ಣು ಪಳಗಿಸಿಕೊಳ್ಳಲು ರಾಜಾ ದಿನಕರ್ ಕೇಳ್ಕರ್ ವಸ್ತುಸಂಗ್ರಹಾಲಯ ಒಳ್ಳೆಯ ಜಾಗ, ವಾಡೆಗಳ ಬಾಗಿಲುಗಳು ಅಲ್ಲಿವೆ. ಮರದ ಮುಂಭಾಗ ಇಡಿಯಾಗಿ ಬೇಕಾದರೆ 1807ರಲ್ಲಿ ಎರಡನೇ ಬಾಜಿರಾವ್‌ಗಾಗಿ ಕಟ್ಟಿದ ವಿಶ್ರಾಮಬಾಗ್ ವಾಡೆಗೆ ಹೋಗಿ. ಎದುರು ರಸ್ತೆಯಲ್ಲಿ ವಾಹನಗಳ ದಟ್ಟಣೆ ವಿಪರೀತ, ಬೆಳಿಗ್ಗೆ ಬೇಗ ಹೋದರೆ ಮಾತ್ರ ಖಾಲಿ ನೋಟ.

ಎಷ್ಟು ದೂರ ನಿಲ್ಲಬೇಕು

ಮೊಬೈಲಿನ ಮುಖ್ಯ ಲೆನ್ಸ್ ಸಾಮಾನ್ಯವಾಗಿ 24ರಿಂದ 26 ಮಿ.ಮೀ. ಲೆನ್ಸಿಗೆ ಸಮ. ಮೊಬೈಲನ್ನು ಉದ್ದಕ್ಕೆ ಹಿಡಿದಾಗ ನೀವು ಎಷ್ಟು ದೂರದಲ್ಲಿದ್ದೀರೋ ಸುಮಾರು ಅಷ್ಟೇ ಅಗಲ ಚೌಕಟ್ಟಿಗೆ ಬರುತ್ತದೆ. ಎತ್ತರ ಅದರ ಸುಮಾರು 1.33 ಪಟ್ಟು. ಅಡ್ಡ ಹಿಡಿದರೆ ಇವೆರಡು ಅದಲುಬದಲು. ಮೂರು ಮೀಟರ್ ಎತ್ತರದ ಬಾಗಿಲಿಗೆ ಎರಡೂವರೆ ಮೀಟರ್ ಹಿಂದೆ ಸರಿದರೆ ಸಾಕು. ಹತ್ತು ಮೀಟರ್ ಅಗಲದ ಗೋಡೆಚಿತ್ರಕ್ಕೆ ಏಳೂವರೆ ಮೀಟರ್ ಬೇಕು, ಪೇಠದ ಓಣಿ ಅಷ್ಟು ಅಗಲ ಇರುವುದಿಲ್ಲ.

ಆಗ ಎಲ್ಲರೂ 0.5 ಎಂದು ಬರೆದಿರುವ ಅಗಲದ ಲೆನ್ಸಿಗೆ ಹೋಗುತ್ತಾರೆ. ಬಾಗಿಲಿಗೆ ಅದನ್ನು ಬಳಸಬೇಡಿ, ಚೌಕಟ್ಟಿನ ಅಂಚುಗಳು ಎಳೆದಂತಾಗುತ್ತವೆ. ಗೋಡೆಚಿತ್ರಕ್ಕಾದರೆ ಎದುರು ಮನೆಯ ಮೆಟ್ಟಿಲು ಏರಲು ಕೇಳಿ, ಇಲ್ಲವೇ ಓಣಿಯ ತುದಿಯಿಂದ ಓರೆಯಾಗಿ ಓಣಿಯ ಸಮೇತ ತೆಗೆಯಿರಿ. ಎರಡನೆಯದು ಸೋಲಿನ ಉಪಾಯವಲ್ಲ; ಚಿತ್ರ ಯಾವ ಬೀದಿಯಲ್ಲಿದೆ ಎಂಬುದು ಆ ಫೋಟೋದಲ್ಲಿ ಮಾತ್ರ ಉಳಿಯುತ್ತದೆ.

ಮೊಬೈಲನ್ನು ಮೇಲಕ್ಕೆ ವಾಲಿಸಿದರೆ ಬಾಗಿಲ ನಿಲುವುಗಳು ಮೇಲೆ ಹತ್ತಿರವಾಗುತ್ತವೆ, ಕೆಳಕ್ಕೆ ವಾಲಿಸಿದರೆ ಅದರ ತಿರುಗುಮುರುಗು. ಪರದೆಯನ್ನು ಕದಕ್ಕೆ ಸಮಾಂತರವಾಗಿಟ್ಟು, ಬಾಗಿಲಿನ ಅರ್ಧ ಎತ್ತರಕ್ಕೆ ಹಿಡಿಯಬೇಕು. ಹಳೆಯ ವಾಡೆಗಳ ಒಳಬಾಗಿಲುಗಳು ಗಿಡ್ಡವಾದ್ದರಿಂದ ಮೊಣಕಾಲು ಬಗ್ಗಿಸಲೇಬೇಕು. ಸಂಕಲನ ಆ್ಯಪ್‌ನಲ್ಲಿ ಆಮೇಲೆ ನೆಟ್ಟಗೆ ಮಾಡಬಹುದು, ಆದರೆ ಅದು ಅಂಚುಗಳನ್ನು ಕತ್ತರಿಸುವುದರಿಂದ ಸುತ್ತ ಜಾಗ ಬಿಟ್ಟಿರಬೇಕು.

ಕಟ್ಟಡದೆತ್ತರದ ಚಿತ್ರಗಳ ಲೆಕ್ಕ ಇನ್ನೂ ಬೇರೆ. ಮುಂಬೈಯ ಬಾಂದ್ರಾ ರಿಕ್ಲಮೇಶನ್‌ನಲ್ಲಿ ದೂರವಾಣಿ ಸಂಸ್ಥೆ ಎಂಟಿಎನ್‌ಎಲ್‌ನ ಕಟ್ಟಡದ ಮೇಲೆ 2014ರಲ್ಲಿ ದಾದಾಸಾಹೇಬ್ ಫಾಲ್ಕೆಯವರ ಭಾರಿ ಚಿತ್ರ ಮೂಡಿತು. 120 ಅಡಿಯ ಗೋಡೆ ಎಂದುಕೊಂಡರೆ, ಮೊಬೈಲ್ ವಾಲಿಸದೆ ತುದಿಯವರೆಗೆ ಸಿಗಲು ಐವತ್ತು ಮೀಟರಿಗೂ ಹೆಚ್ಚು ಹಿಂದೆ ಹೋಗಬೇಕು. ಚೌಕಟ್ಟಿನ ಕೆಳಗಿನ ಅರ್ಧ ಬರೀ ರಸ್ತೆ, ಅದನ್ನು ಕತ್ತರಿಸಿದರಾಯಿತು.

ಬಣ್ಣ, ಕಪ್ಪು, ಬಿಳಿ

ಕ್ಯಾಮೆರಾ ಎದುರಿಗೆ ಕಂಡದ್ದನ್ನೆಲ್ಲ ಮಧ್ಯಮ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಎಣ್ಣೆ ಕುಡಿದು ಕಪ್ಪಾದ ತೇಗದ ಕದ ಬೂದು ಮರವಾಗುತ್ತದೆ, ಸುಣ್ಣದ ಗೋಡೆ ಕೊಳಕಾಗುತ್ತದೆ. ಪರದೆಯನ್ನು ಒತ್ತಿ, ಕಪ್ಪು ಕದಕ್ಕೆ ಎಕ್ಸ್‌ಪೋಷರ್ (ಫೋಟೋದ ಬೆಳಕಿನ ಪ್ರಮಾಣ) ಇಳಿಸಿ, ಬಿಳಿ ಗೋಡೆಗೆ ಏರಿಸಿ. ನೆರಳಿನಲ್ಲಿ ತೆಗೆದ ಗೋಡೆಚಿತ್ರಕ್ಕೆ ನೀಲಿ ಛಾಯೆ ಬರುತ್ತದೆ. ಮೊದಲ ಫೋಟೋದಲ್ಲಿ ಗೋಡೆಯ ಪಕ್ಕ ಒಂದು ಬಿಳಿ ಕಾಗದ ಹಿಡಿದರೆ ಆಮೇಲೆ ಬಣ್ಣ ಸರಿಪಡಿಸಲು ಆಧಾರ ಸಿಗುತ್ತದೆ. ಕ್ಯಾಮೆರಾ ಇರುವವರು ಹೊಳಪು ತೆಗೆಯಲು ಪೋಲರೈಸರ್ ತರುತ್ತಾರೆ. ನೇರವಾಗಿ ಎದುರು ನಿಂತಾಗ ಅದು ಉಪಯೋಗಕ್ಕೆ ಬರುವುದಿಲ್ಲ, ಪೂರ್ತಿ ಪರಿಣಾಮ ಕಾಣುವುದು ಸುಮಾರು 55 ಡಿಗ್ರಿ ಓರೆಯಲ್ಲಿ. ಎಣ್ಣೆಬಣ್ಣದ ಕದಕ್ಕೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುವುದೇ ಅಗ್ಗದ ಉಪಾಯ.

ಗೋಡೆಚಿತ್ರಕ್ಕೆ ತಾರೀಖು ಬೇಕು

ಕಸಬಾ ಪೇಠದ ಗೋಡೆಗಳಲ್ಲಿ ಕಲಾವಿದ ಹರ್ಷವರ್ಧನ್ ಕದಮ್ ಅವರು ಆರಂಭಿಸಿದ ಪುಣೆ ಸ್ಟ್ರೀಟ್ ಆರ್ಟ್ ಪ್ರಾಜೆಕ್ಟ್‌ನಿಂದ ಚಿತ್ರಗಳು ಬಂದವು. ಬಾಂದ್ರಾದ ಚಾಪೆಲ್ ರೋಡಿನಲ್ಲಿ ರಂಜಿತ್ ದಹಿಯಾ 2012ರಲ್ಲಿ ಶುರುಮಾಡಿದ ಸಿನಿಮಾ ಚಿತ್ರಗಳ ಸರಣಿಯೂ ಹೀಗೆಯೇ ಮನೆಗಳ ಗೋಡೆಗೆ ಅಂಟಿಕೊಂಡು ಬೆಳೆದದ್ದು. ಇಂಥವು ಮಳೆಗೆ ಪಾಚಿಗಟ್ಟುತ್ತವೆ, ಬಿಸಿಲಿಗೆ ಬಿಳಿಚುತ್ತವೆ, ಮನೆ ಮಾರಿದರೆ ಸುಣ್ಣದಡಿ ಹೋಗುತ್ತವೆ. ಪೇಶ್ವೆಯ ಕಾಲದ ಬಾಗಿಲು ಮುಂದಿನ ವಾರವೂ ಇರುತ್ತದೆ ಎಂದು ಬಹುಮಟ್ಟಿಗೆ ನಂಬಬಹುದು, ಚಿತ್ರವನ್ನು ನಂಬುವಂತಿಲ್ಲ. ಅದಕ್ಕೆ ಚಿತ್ರ ಕಂಡ ದಿನವೇ, ಬೆಳಕು ಕೆಟ್ಟದಿದ್ದರೂ, ದಾಖಲೆಗೊಂದು ತೆಗೆದಿಟ್ಟು ಒಳ್ಳೆಯ ಬೆಳಕಿಗೆ ಮರಳಿ ಬನ್ನಿ. ದೂರದ್ದು, ಇಡೀ ಚಿತ್ರದ್ದು, ಕುಂಚದ ಗುರುತು ಕಾಣುವಷ್ಟು ಹತ್ತಿರದ್ದು, ಮತ್ತು ಮೂಲೆಯ ಸಹಿ. ಸಹಿ ಮರೆಯುವುದೇ ಹೆಚ್ಚು, ಅದಿಲ್ಲದೆ ಕಲಾವಿದರನ್ನು ಹುಡುಕುವುದು ಕಷ್ಟ. ತಾರೀಖು, ಓಣಿಯ ಹೆಸರು, ಗೋಡೆ ಯಾವ ದಿಕ್ಕಿಗಿದೆ ಎಂಬುದನ್ನು ಅಲ್ಲಿಯೇ ಬರೆದುಕೊಳ್ಳಿ.

ಕೇಳುವುದು

ಬಾಗಿಲು ಯಾರದೋ ಮನೆಯದು. ಹೊರಗೆ ಹಿರಿಯರು ಕೂತಿದ್ದರೆ “ಆಜೋಬಾ, ದಾರಾಚಾ ಫೋಟೋ ಕಾಢೂ ಕಾ?” ಎಂದು ಕೇಳಿದರಾಯಿತು. ನಮ್ಮ ಮರಾಠಿಯ ಉಚ್ಚಾರ ಕೇಳಿ “ಕರ್ನಾಟಕದವರಾ?” ಎಂದು ಮಾತು ಬೆಳೆಯುವುದೂ ಉಂಟು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಪೇಠದವರ ನಿದ್ದೆ ಕೆಡಿಸಬೇಡಿ. ಕರೆಗಂಟೆ ಒತ್ತಬಾರದ ಕಾರಣಗಳನ್ನು ವ್ಯಂಗ್ಯ ಬೆರೆಸಿ ಬರೆದ ಪುಣೇರಿ ಪಾಟಿ, ಅಂದರೆ ಪುಣೆ ಶೈಲಿಯ ಸೂಚನಾ ಫಲಕ, ಬಾಗಿಲಿಗೇ ತೂಗುತ್ತಿರುತ್ತದೆ. ಫಲಕ ಸಮೇತ ಬಾಗಿಲನ್ನು ತೆಗೆಯಿರಿ, ಅದು ಅಪ್ಪಟ ಪುಣೆ. ಆ ಹೊತ್ತಿನಲ್ಲಿ ಅಂಗಡಿಗಳ ಶಟರ್‌ಗಳು ಇಳಿದಿರುತ್ತವೆ, ಬಣ್ಣ ಬರೆದ ಶಟರ್ ಬೇಕಾದವರಿಗೆ ಅದೇ ಸಮಯ. ತಾಂಬಟ್ ಆಳಿಯಲ್ಲಿ ಮಾತ್ರ ತಾಮ್ರದ ಕೆಲಸದವರು ಸುತ್ತಿಗೆ ಹಿಡಿದಿರುವಾಗ ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಅವರಿಗೆ ಬೇಕಾದ ಬೆಳಕು ಬರುವುದೇ ಅಲ್ಲಿಂದ.

ಕಾನೂನಿನಲ್ಲೂ ಎರಡು ಬೇರೆ

1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಕಟ್ಟಡಗಳ ಫೋಟೋ ತೆಗೆಯಲು, ಪ್ರಕಟಿಸಲು ವಿನಾಯಿತಿ ಕೊಡುತ್ತದೆ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿರುವ ಶಿಲ್ಪಕ್ಕೂ ಆ ವಿನಾಯಿತಿ ಇದೆ. ವರ್ಣಚಿತ್ರವನ್ನು ಅಲ್ಲಿ ಹೆಸರಿಸಿಲ್ಲ, ಗೋಡೆಯ ಮೇಲೆ ಬರೆದದ್ದೂ ವರ್ಣಚಿತ್ರವೇ. ಸ್ವಂತ ಅಧ್ಯಯನಕ್ಕೆ, ವಿಮರ್ಶೆಗೆ ನ್ಯಾಯಯುತ ಬಳಕೆಯ ಅವಕಾಶ ಇದ್ದೇ ಇದೆ. ಆದರೆ ಕ್ಯಾಲೆಂಡರ್, ಟೀ ಶರ್ಟ್, ಜಾಹೀರಾತು ಎಂದರೆ ಕಲಾವಿದರ ಒಪ್ಪಿಗೆ ಪಡೆಯುವುದೇ ಸರಿ. ಅವರ ಹಕ್ಕು ಜೀವಿತಾವಧಿ ಮತ್ತು ಅನಂತರದ 60 ವರ್ಷ ಇರುತ್ತದೆ. 2023ರಲ್ಲಿ ಮುಂಬೈಯ ಒಂದು ಗೋಡೆಚಿತ್ರವನ್ನು ವಿಮಾ ಕಂಪನಿಯೊಂದು ಪ್ರಚಾರಕ್ಕೆ ಬಳಸಿದಾಗ ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು. ಮೇಲ್ನೋಟಕ್ಕೆ ಅದು ಜಾಹೀರಾತೇ ಎಂದ ನ್ಯಾಯಾಲಯ, ಜಾಲತಾಣದ ಪೋಸ್ಟ್‌ಗಳನ್ನು ತೆಗೆಯುವಂತೆ ಮಧ್ಯಂತರ ಆದೇಶ ನೀಡಿತು. ನಮ್ಮ ಗುಂಪಿನ ಪ್ರದರ್ಶನಕ್ಕೆ ಫೋಟೋ ಕೊಡುವವರು ಗೋಡೆಚಿತ್ರವಾದರೆ ಕಲಾವಿದರ ಹೆಸರು ಬರೆದೇ ಕೊಡಬೇಕು. ಅಚ್ಚು ಹಾಕಿಸಿ ಮಾರುವ ಯೋಚನೆ ಇದ್ದರೆ ಬಾಗಿಲುಗಳನ್ನೇ ಆರಿಸಿಕೊಳ್ಳಿ.