ಲ್ಯಾಂಡ್‌ಸ್ಕೇಪ್ ಇಟ್ಟರೂ ಪ್ಲಾಟರ್‌ನಲ್ಲಿ ಡ್ರಾಯಿಂಗ್ ಕಟ್ ಆಗುವುದು ಯಾಕೆ?

ಪ್ರಶ್ನೆ: ಕಲಬುರಗಿಯಲ್ಲಿ ಸಿವಿಲ್ ಓದುತ್ತಿದ್ದೇನೆ. ಎ1 ಶೀಟಿಗೆ ಪ್ಲಾನ್ ಮಾಡಿ, ಲ್ಯಾಂಡ್‌ಸ್ಕೇಪ್ (ಅಗಲ ಜಾಸ್ತಿ, ಎತ್ತರ ಕಡಿಮೆ) ಇಟ್ಟು ಪಿಡಿಎಫ್ ತೆಗೆದುಕೊಂಡು ಹೋದೆ. ಪ್ಲಾಟರ್‌ನಲ್ಲಿ (ರೋಲ್ ಪೇಪರ್ ಮೇಲೆ ದೊಡ್ಡ ಶೀಟು ಪ್ರಿಂಟ್ ಮಾಡುವ ಯಂತ್ರ) ಒಂದು ಬದಿ ಕಟ್ ಆಗಿ ಬಂತು. ಅಂಗಡಿಯವರು ಪೋರ್ಟ್ರೇಟ್‌ಗೆ (ಎತ್ತರ ಜಾಸ್ತಿ, ಅಗಲ ಕಡಿಮೆ) ಬದಲಿಸಿದರು, ಆಗ ಇಡೀ ಡ್ರಾಯಿಂಗ್ ಚಿಕ್ಕದಾಯಿತು. ತಪ್ಪು ಎಲ್ಲಿ?

ಉತ್ತರ: ನಿಮ್ಮ ಪಿಡಿಎಫ್‌ನಲ್ಲಿ ತಪ್ಪಿರಲಿಲ್ಲ. ಅದು ರೋಲಿನ ಮೇಲೆ ಅಡ್ಡಡ್ಡ ಕೂತಿತು, ಅಷ್ಟೇ. ಸಬ್ಮಿಷನ್ ಹಿಂದಿನ ದಿನ ಹೀಗಾದರೆ ಎಷ್ಟು ಸಂಕಟ ಅಂತ ನನಗೆ ಗೊತ್ತು. ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮನೆಯ ಪ್ರಿಂಟರ್‌ನಲ್ಲಿ ಹಾಳೆಯ ಉದ್ದ, ಅಗಲ ಎರಡೂ ಮೊದಲೇ ಗೊತ್ತಿರುತ್ತವೆ. ಪ್ಲಾಟರ್‌ನಲ್ಲಿ ಹಾಗಲ್ಲ. ರೋಲಿನ ಅಗಲ ಮಾತ್ರ ಗಟ್ಟಿ. ಉದ್ದ ಎಷ್ಟು ಬೇಕೋ ಅಷ್ಟು ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ಎರಡು ದಿಕ್ಕುಗಳಿವೆ. ಒಂದು, ಓದುವವರು ಶೀಟನ್ನು ಹೇಗೆ ಹಿಡಿಯುತ್ತಾರೆ ಎಂಬುದು. ಅದನ್ನು ನೀವು ಡ್ರಾಯಿಂಗ್‌ನಲ್ಲೇ ಇಡಬೇಕು. ಇನ್ನೊಂದು, ಆ ಶೀಟು ರೋಲಿನ ಮೇಲೆ ಹೇಗೆ ಮಲಗುತ್ತದೆ ಎಂಬುದು. ಅದನ್ನು ಪ್ರಿಂಟರ್ ಡ್ರೈವರ್‌ಗೆ, ಅಂದರೆ ಕಂಪ್ಯೂಟರ್‌ನಿಂದ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್‌ಗೆ ಬಿಡಬೇಕು. ಎರಡನ್ನೂ ಒಂದೇ ಅಂದುಕೊಂಡರೆ ತೊಂದರೆ ಶುರು.

ನಿಮ್ಮದೇ ಲೆಕ್ಕ ನೋಡಿ. ಎ1 ಅಂದರೆ 841 × 594 ಮಿ.ಮೀ. ಅಂಗಡಿಯಲ್ಲಿದ್ದದ್ದು 24 ಇಂಚಿನ ರೋಲ್ ಇರಬೇಕು, ಅದರ ಅಗಲ ಸುಮಾರು 610 ಮಿ.ಮೀ. 841ರ ಬದಿ ರೋಲಿಗೆ ಅಡ್ಡ ಬಂದರೆ 231 ಮಿ.ಮೀ. ಹೊರಗೆ ಉಳಿಯಿತು. ಕಟ್ ಆಗಿದ್ದು ಅದೇ. ಶೀಟನ್ನು 90 ಡಿಗ್ರಿ ತಿರುಗಿಸಿದ್ದರೆ 594ರ ಬದಿ ಅಡ್ಡ ಬಂದು ಆರಾಮಾಗಿ ಕೂರುತ್ತಿತ್ತು. ಪ್ಲಾಟರ್‌ನಿಂದ ಹಾಳೆ ಪಕ್ಕಕ್ಕೆ ತಿರುಗಿ ಬರುತ್ತದೆ, ನಿಜ. ಕೈಯಲ್ಲಿ ಹಿಡಿದು ತಿರುಗಿಸಿಕೊಂಡರೆ ಆಯ್ತು, ಅಲ್ವಾ?

ಪೋರ್ಟ್ರೇಟ್ ಮಾಡಿದಾಗ ಆಗಿದ್ದು ಇದಕ್ಕಿಂತ ಕೆಟ್ಟದ್ದು. 841ರ ಅಗಲವನ್ನು 594ರೊಳಗೆ ಕೂರಿಸಲು 'ಫಿಟ್' ಆಯ್ಕೆ ಎಲ್ಲವನ್ನೂ ಸುಮಾರು ಶೇ. 70ಕ್ಕೆ ಇಳಿಸಿತು. 1:100ರಲ್ಲಿ, ಅಂದರೆ ನೂರನೇ ಒಂದರ ಅಳತೆಯಲ್ಲಿ, 30 ಮಿ.ಮೀ. ಇರಬೇಕಾದ 3 ಮೀಟರ್ ಗೋಡೆ 21 ಮಿ.ಮೀ. ಆಯಿತು. ಕಟ್ ಆದ ಶೀಟು ಕಣ್ಣಿಗೆ ಕಾಣುತ್ತದೆ. ಸ್ಕೇಲ್ ಕೆಟ್ಟ ಶೀಟು ನೋಡಲು ಚೆನ್ನಾಗಿಯೇ ಇರುತ್ತದೆ. ಹಾಗಾಗಿ ನನಗೆ ಇದರದ್ದೇ ಭಯ ಜಾಸ್ತಿ.

36 ಇಂಚಿನ ರೋಲಿದ್ದರೆ, ಅಂದರೆ 914 ಮಿ.ಮೀ., ಎ1 ಎರಡೂ ದಿಕ್ಕಿಗೆ ಹಿಡಿಸುತ್ತದೆ. ಆಗ 841ನ್ನೇ ಅಡ್ಡ ಇಡಿ. ಒಂದು ಶೀಟಿಗೆ 594 ಮಿ.ಮೀ. ಪೇಪರ್ ಸಾಕು, ಇಲ್ಲದಿದ್ದರೆ 841 ಹೋಗುತ್ತದೆ. 45 ಮೀಟರ್ ರೋಲಿನಲ್ಲಿ 53 ಶೀಟು ಬರುವ ಕಡೆ 75 ಬರುತ್ತವೆ.

ನಮ್ಮ ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯನ್ನೇ ತೆಗೆದುಕೊಳ್ಳಿ. 1367ರ ಕಟ್ಟಡ. ಪೂರ್ವ-ಪಶ್ಚಿಮ ಸುಮಾರು 216 ಅಡಿ, ಉತ್ತರ-ದಕ್ಷಿಣ 176 ಅಡಿ. 1:100ರಲ್ಲಿ ಪ್ಲಾನ್ 658 × 536 ಮಿ.ಮೀ. ಆಗುತ್ತದೆ. ಉತ್ತರ ಮೇಲಿಟ್ಟರೆ ಎ1 ಲ್ಯಾಂಡ್‌ಸ್ಕೇಪ್‌ನಲ್ಲಿ ಹಿಡಿಸುತ್ತದೆ, ಪೋರ್ಟ್ರೇಟ್‌ನಲ್ಲಿ ಹಿಡಿಸದು. ಅದೇ ಕಮಾನುಗಳ ವಿವರ ಬೇಕೆಂದು 1:50ಕ್ಕೆ ಹೋದರೆ 1317 × 1073 ಮಿ.ಮೀ. 36 ಇಂಚಿನ ರೋಲಿನಲ್ಲಿ ಯಾವ ದಿಕ್ಕಿಗೂ ಆಗದು. 44 ಇಂಚಿನ ರೋಲು 1118 ಮಿ.ಮೀ. ಇರುತ್ತದೆ. ಅದರಲ್ಲಿ 1073ರ ಬದಿ ಅಡ್ಡ ಬಂದರೆ ಮಾತ್ರ ಇಡೀ ಮಸೀದಿ ಒಂದೇ ಹಾಳೆಯಲ್ಲಿ ಬರುತ್ತದೆ.

ಇನ್ನು ಸೆಟ್ಟಿಂಗ್. ಡ್ರಾಯಿಂಗ್ ಮಾಡುವ ಆಟೋಕ್ಯಾಡ್ ಸಾಫ್ಟ್‌ವೇರ್‌ನ ಪೇಪರ್ ಪಟ್ಟಿಯಲ್ಲಿ ಎ1 ಎರಡು ಬಾರಿ ಇರಬಹುದು: 841 × 594 ಮತ್ತು 594 × 841. ಲ್ಯಾಂಡ್‌ಸ್ಕೇಪ್ ಶೀಟಿಗೆ ಮೊದಲನೆಯದು. ಪಿಡಿಎಫ್ ಪ್ರಿಂಟ್ ಕೊಡುವಾಗ ದಿಕ್ಕನ್ನು 'ಆಟೋ' ಮಾಡಿ, ಅಳತೆಯನ್ನು 'ಆ್ಯಕ್ಚುವಲ್ ಸೈಜ್' ಇಡಿ. ಆಮೇಲೆ ಡ್ರೈವರ್‌ನಲ್ಲಿ ಪೇಪರ್ ಸೈಜ್ ಎ1, ಪೇಪರ್ ಸೋರ್ಸ್ ರೋಲ್ ಅಂತ ಆರಿಸಿ. ತಿರುಗಿಸುವ ಆಯ್ಕೆಯ ಹೆಸರು ಕಂಪನಿಗೊಂದು: ಎಚ್‌ಪಿಯಲ್ಲಿ 'ಆಟೋರೊಟೇಟ್', ಬೇರೆ ಕಡೆ 'ರೊಟೇಟ್ 90'. ಅದನ್ನು ಒಂದೇ ಕಡೆ ಹಾಕಿ. ಆಟೋಕ್ಯಾಡ್‌ನಲ್ಲೂ ತಿರುಗಿಸಿ, ಡ್ರೈವರ್‌ನಲ್ಲೂ ತಿರುಗಿಸಿದರೆ ಮತ್ತೆ ಮೊದಲಿನ ಜಾಗಕ್ಕೇ ಬಂದಿರುತ್ತೀರಿ. ನಾನೂ ಕಲಿಯುವಾಗ ಹೀಗೆ ಮಾಡಿ ಒಂದೇ ಸಂಜೆ ನಾಲ್ಕು ಶೀಟು ಹಾಳು ಮಾಡಿದ್ದೇನೆ.

ಅಂಗಡಿಗೆ ಹೋದಾಗ ಮೊದಲು ರೋಲ್ ಎಷ್ಟು ಇಂಚು ಅಂತ ಕೇಳಿ. ಆಮೇಲೆ, "ಅಣ್ಣಾ, ಪ್ರಿವ್ಯೂ ಒಮ್ಮೆ ತೋರಸ್ರಿ" ಅನ್ನಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹಾಳಾಗುವುದು ಅವರ ಪೇಪರೂ ಹೌದು. ಡ್ರಾಯಿಂಗ್‌ನ ಮೂಲೆಯಲ್ಲಿ 100 ಮಿ.ಮೀ. ಗೆರೆ ಒಂದನ್ನು ಎಳೆದಿಟ್ಟಿರಿ. ಶೀಟು ಹೊರಗೆ ಬಂದ ಕೂಡಲೇ ಅದರ ಮೇಲೆ ಸ್ಕೇಲ್ ಇಟ್ಟು ನೋಡಿ, ದುಡ್ಡು ಕೊಡುವ ಮೊದಲು.